ಆ ನಾಲ್ಕು ಜನ ಯಾರು?

ಹೋದ ವರ್ಷ ಚೌತಿಯ ಮರುದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆದುಹೋಯಿತು. ಹಬ್ಬದ ಚಕ್ಕುಲಿ ಇನ್ನೂ ಡಬ್ಬಿಯಲ್ಲಿತ್ತು, ಬಂದ ನೆಂಟರು ಇನ್ನೂ ಊರಿನ ಬಸ್ಸು ಹತ್ತಿರಲಿಲ್ಲ. ಪುಣೆಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಇಂಜಿನಿಯರ್, ಮನೆತನ ಗೊತ್ತಿದ್ದದ್ದು, ಜಾತಕವೂ ಕೂಡಿಬಂದಿತ್ತು. ನಮ್ಮ ಮಗಳು, ಇಪ್ಪತ್ತಾರರ ಹುಡುಗಿ, ಕಂಪ್ಯೂಟರ್ ಕಂಪೆನಿಯೊಂದರಲ್ಲಿ ಕೈತುಂಬ ಸಂಬಳ ತರುವವಳು, ಅದನ್ನು ಬೇಡವೆಂದಳು. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಕೆಲಸವನ್ನೂ ಬಿಟ್ಟು ಬರೋಡಾಕ್ಕೆ ಹೋಗಿ ಶಿಲ್ಪಕಲೆ ಕಲಿಯುತ್ತೇನೆ ಎಂದಳು.

"ಕಲ್ಲು ಕೆತ್ತುವುದಕ್ಕೆ ನಿನ್ನನ್ನು ಅಷ್ಟು ಓದಿಸಿದ್ದೇ? ನಾಲ್ಕು ಜನ ಏನಂದಾರು?" ಎಂದು ನಾನು ಕೂಗಾಡಿದೆ.

ಅವಳು ಕೂಗಾಡಲಿಲ್ಲ. "ಪಪ್ಪಾ, ಆ ನಾಲ್ಕು ಜನ ಯಾರು? ಹೆಸರು ಹೇಳಿ. ನಾನೇ ಹೋಗಿ ಮಾತಾಡಿ ಬರುತ್ತೇನೆ" ಎಂದಳು.

ಅಂದು ರಾತ್ರಿ ನಿದ್ದೆ ಬಾರದೆ ನಾನು ನಿಜವಾಗಿಯೂ ಹೆಸರುಗಳನ್ನು ಎಣಿಸತೊಡಗಿದೆ. ಮೊದಲನೆಯವರು ಊರಿನ ದೊಡ್ಡಪ್ಪ. ಅವರು ತೀರಿಹೋಗಿ ಹನ್ನೊಂದು ವರ್ಷವಾಯಿತು. ಎರಡನೆಯವರು ಈ ಸಂಬಂಧ ತಂದ ಮಹನೀಯರು. ಮೂರನೆಯವರು ನೆರೆಹೊರೆಯವರೇ ಎಂದರೆ, ನಮ್ಮ ಮಾಳಿಗೆಯಲ್ಲಿರುವವರು ಒಬ್ಬರು ಗುಜರಾತಿ, ಒಬ್ಬರು ಸಿಂಧಿ, ಒಬ್ಬರು ಮಲಯಾಳಿ. ನಮ್ಮ ಮಗಳು ಕಲ್ಲು ಕೆತ್ತಿದರೂ ಒಂದೇ, ಕಡಲೆ ಮಾರಿದರೂ ಒಂದೇ. ನಾಲ್ಕನೆಯ ಹೆಸರು ಸಿಗುವ ಮೊದಲೇ ನಿದ್ದೆ ಬಂತು.

ಯುವ ಮಿತ್ರರೇ, ನಿಮ್ಮ ಪುಟಗಳಿಗೆ ಕನ್ನಡ ಸಾಹಿತ್ಯದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಹೊಳೆದದ್ದು ಮಗಳ ಆ ಪ್ರಶ್ನೆಯೇ. ನಿಮ್ಮಲ್ಲಿ ಅನೇಕರು ಕನ್ನಡ ಮಾತನಾಡಬಲ್ಲಿರಿ, ಓದುವಾಗ ತಡವರಿಸುತ್ತೀರಿ. ಕನ್ನಡ ಪುಸ್ತಕವೆಂದರೆ ಹಿರಿಯರ ಮಾತು ಕೇಳು, ಕುಲಾಚಾರ ಬಿಡಬೇಡ ಎಂದು ಹೇಳುವ ಏನೋ ಒಂದು ಎಂದು ನಿಮ್ಮ ಭಾವನೆ. ಸಂಘದ ಕಾರ್ಯಕ್ರಮಗಳಲ್ಲಿ ನಾವು ಮಾಡುವ ಭಾಷಣಗಳನ್ನು ಕೇಳಿದವರಿಗೆ ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಪುಸ್ತಕಗಳು ನಮ್ಮ ಭಾಷಣಗಳಲ್ಲ. ಕಳೆದ ನೂರಿಪ್ಪತ್ತೈದು ವರ್ಷಗಳ ಕನ್ನಡದ ಒಳ್ಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಈ ನಾಲ್ಕು ಜನರೊಡನೆ ಹೂಡಿದ ಜಗಳಗಳೇ ಎಂದರೆ ತಪ್ಪಾಗಲಾರದು.

ಹೊರುವುದಕ್ಕೆ ನಾಲ್ವರು

ನಾಲ್ಕೇ ಜನ ಏಕೆ? ಐವರು ಏಕಲ್ಲ, ಹತ್ತು ಜನ ಏಕಲ್ಲ? ನನ್ನ ಅಜ್ಜಿ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುತ್ತಿದ್ದಳು: "ಕಡೆಗೆ ಹೊರುವುದಕ್ಕೆ ನಾಲ್ಕು ಜನ ಬೇಕಲ್ಲ ಮಗಾ." ಚಟ್ಟಕ್ಕೆ ನಾಲ್ಕು ಹೆಗಲು. ಊರಿನ ಮಾತು ಮೀರಿದವನ ಮನೆಯಲ್ಲಿ ಸಾವಾದರೆ ಆ ನಾಲ್ಕು ಹೆಗಲು ಬರುವುದಿಲ್ಲ. ಇದು ಬರಿಯ ಗಾದೆಯಲ್ಲ, ಒಂದು ಕಾಲದಲ್ಲಿ ನಿಜವಾದ ಬೆದರಿಕೆಯಾಗಿತ್ತು.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ಶುರುವಾಗುವುದೇ ಈ ಬೆದರಿಕೆಯಿಂದ. ದೂರ್ವಾಸಪುರವೆಂಬ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಅವನು ಬದುಕಿದ್ದಾಗ ಅಗ್ರಹಾರದ ಯಾವ ಕಟ್ಟಳೆಯನ್ನೂ ಉಳಿಸಿದವನಲ್ಲ. ಕಟ್ಟಿಕೊಂಡವಳನ್ನು ಬಿಟ್ಟು ಚಂದ್ರಿಯೊಡನೆ ಇದ್ದವನು, ಮುಸಲ್ಮಾನ ಗೆಳೆಯರೊಡನೆ ಕೂತು ಮಾಂಸ ತಿಂದು ಹೆಂಡ ಕುಡಿದವನು. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗಿ ಅಗ್ರಹಾರದಲ್ಲೇ ಇರುತ್ತೇನೆ ಎಂದು ಹೆದರಿಸಿದ್ದರಿಂದ ಅವನಿಗೆ ಬಹಿಷ್ಕಾರವೂ ಬಿದ್ದಿಲ್ಲ. ಹಾಗಾಗಿ ಸತ್ತಾಗ ಅವನು ಬ್ರಾಹ್ಮಣನೇ. ಆದರೆ ಅವನ ಹೆಣ ಮುಟ್ಟಿದರೆ ತಮಗೆ ಮೈಲಿಗೆಯೆಂದು ಬ್ರಾಹ್ಮಣರಿಗೆ ಭಯ. ಹೆಣ ಎತ್ತದೆ ಯಾರೂ ಉಣ್ಣುವಂತಿಲ್ಲ. ಸಂಸ್ಕಾರದ ಖರ್ಚಿಗೆಂದು ಚಂದ್ರಿ ಮೈಮೇಲಿನ ಚಿನ್ನವನ್ನೆಲ್ಲ ತೆಗೆದು ಇಟ್ಟಾಗ, ಅದುವರೆಗೆ ಒಲ್ಲೆನೆಂದವರ ಕಣ್ಣೆಲ್ಲ ಆ ಚಿನ್ನದ ಮೇಲೆ! ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ಗಾದೆಯನ್ನು ನೀವು ಕೇಳಿರಬಹುದು. ಅನಂತಮೂರ್ತಿಯವರ ಊರು ಶೃಂಗಾರವನ್ನು ಮಾತ್ರ ಚೆನ್ನಾಗಿ ಅರಿತದ್ದು.

ಇದಕ್ಕೆ ಪರಿಹಾರ ಹುಡುಕುವ ಹೊಣೆ ಪ್ರಾಣೇಶಾಚಾರ್ಯರದು. ಅವರು ಕೆಟ್ಟವರಲ್ಲ, ಲೋಭಿಯೂ ಅಲ್ಲ. ಎದ್ದು ಓಡಾಡಲಾರದ ರೋಗಿಷ್ಟೆ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ತಿಳಿದವರು. ನಾರಣಪ್ಪ ಎಲ್ಲವನ್ನೂ ಮೀರಿದವನು, ಆಚಾರ್ಯರು ಎಲ್ಲವನ್ನೂ ಪಾಲಿಸಿದವರು. ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಮಾರುತಿಯೂ ಪ್ರಸಾದ ಕೊಡುವುದಿಲ್ಲ. ಮೊದಲ ಸಲ ಅವರು ತಮ್ಮಷ್ಟಕ್ಕೆ ತಾವೇ ನಿರ್ಧರಿಸಬೇಕಾಗಿ ಬರುತ್ತದೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ: ದಂಗೆ ಎದ್ದ ನಾರಣಪ್ಪನಿಗಿಂತ ಹೆಚ್ಚಿನ ಸಂಕಟ, ಒಮ್ಮೆಯೂ ದಂಗೆ ಏಳದ ಈ ಮನುಷ್ಯನದು. ಮುಂದೇನಾಯಿತು ಎಂದು ನಾನು ಹೇಳುವುದಿಲ್ಲ. ಓದಿ.

ಈ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅದನ್ನು ಬರೆಯುವಾಗ ಅನಂತಮೂರ್ತಿ ತೀರ್ಥಹಳ್ಳಿಯಲ್ಲಿರಲಿಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ತಮ್ಮ ಗುರು ಮಾಲ್ಕಮ್ ಬ್ರಾಡ್ಬರಿಯವರೊಡನೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದ್ದೂ, ಪ್ಲೇಗಿನ ಕಾಲದ ಆ ಚಿತ್ರ ತಮ್ಮನ್ನು ಕಲಕಿದ್ದೂ, ಅಲ್ಲಿಂದ ಈ ಕಥೆ ಹೊರಟದ್ದೂ ಅವರೇ ಹಲವು ಸಲ ಹೇಳಿಕೊಂಡ ಸಂಗತಿ. ಊರನ್ನು ನೋಡಬೇಕಾದರೆ ಕೆಲವೊಮ್ಮೆ ಊರಿನಿಂದ ಅಷ್ಟು ದೂರ ನಿಲ್ಲಬೇಕಾಗುತ್ತದೆಯೋ ಏನೋ. ನಿಮಗೆ ಆ ದೂರ ಹುಟ್ಟಿನಿಂದಲೇ ಸಿಕ್ಕಿದೆ!

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಸಿನೆಮಾ ಮಾಡಿದರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ. ಸೆನ್ಸಾರಿನವರು ಮೊದಲು ತಡೆಹಿಡಿದ ಆ ಚಿತ್ರಕ್ಕೇ ಕೊನೆಗೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಕನ್ನಡಕ್ಕೆ ಬಂದ ಮೊದಲನೆಯದು. ಚಂದ್ರಿಯ ಪಾತ್ರ ಮಾಡಿದವರು ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅಸ್ತಮಾ ರೋಗಿ. ಪರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ತೆರೆಯ ಮೇಲೆ ಅಗ್ರಹಾರವನ್ನು ಎದುರಿಸಿದ ಹೆಂಗಸು ತೆರೆಯಾಚೆ ಎದುರಿಸಿದ್ದು ಅದಕ್ಕಿಂತ ದೊಡ್ಡದಾದ ಒಂದು ಊರನ್ನು.

ಒಂದು ತಕರಾರನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 'ಸಂಸ್ಕಾರ'ದಲ್ಲಾಗಲಿ, ಆ ಕಾಲದ ನವ್ಯರ ಬಹಳಷ್ಟು ಕಥೆಗಳಲ್ಲಾಗಲಿ, ಒಳಗೊಳಗೇ ಬೇಯುವ ಹಕ್ಕು ಗಂಡಸಿನದು. ಚಂದ್ರಿಯ ಮನಸ್ಸಿನೊಳಗೆ ನಾವು ಹೋಗುವುದು ತೀರ ಕಡಿಮೆ. ನಿಜ ನೋಡಿದರೆ, ಆಚಾರ್ಯರು ಚಿಂತಿಸುತ್ತಿರುವಾಗ ಹೆಣಕ್ಕೊಂದು ಗತಿ ಕಾಣಿಸಿದವಳು ಅವಳೇ.

ನಾನೂ ಒಂದು ಹೆಗಲು

ನಾಲ್ಕು ಜನರನ್ನು ಹೀಗೆ ಬೈದುಬಿಡುವುದು ಸುಲಭ. ಆದರೆ ನನಗೆ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ.

1984ರಲ್ಲಿ ನಾನು ಮುಂಬಯಿಗೆ ಬಂದಾಗ ಇಪ್ಪತ್ತು ವರ್ಷ. ಕನ್ನಡ ಎಂ.ಎ. ಮಾಡಬೇಕೆಂದಿತ್ತು. ಅಪ್ಪ "ಅದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಕೇಳಿ, ಫೋರ್ಟಿನ ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂರಿಸುವ ಏರ್ಪಾಡು ಮಾಡಿದರು. ಹಗಲು ಗಲ್ಲೆ, ರಾತ್ರಿ ಕಾಲೇಜು. ಒಂದು ಕೋಣೆಯಲ್ಲಿ ಒಂಬತ್ತು ಜನ. ಅವರಲ್ಲೊಬ್ಬ ಕುಂದಾಪುರದ ಕಡೆಯ ಹುಡುಗ, ಟೇಬಲ್ ಒರೆಸುವವನು, 1986ರ ಮಳೆಗಾಲದಲ್ಲಿ ಕಾಮಾಲೆಯಿಂದ ಸತ್ತ. ಊರಿಗೆ ತಂತಿ ಕೊಟ್ಟರೂ ಅಲ್ಲಿಂದ ಯಾರೂ ಬರುವಂತಿರಲಿಲ್ಲ. ನಮಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಮಧ್ಯರಾತ್ರಿ ನಮ್ಮವರ ಒಂದು ಸಂಘದ ಹಿರಿಯರೊಬ್ಬರು ಛತ್ರಿ ಹಿಡಿದು ಬಂದರು. ಡಾಕ್ಟರ ಸರ್ಟಿಫಿಕೇಟು, ಬಿದಿರು, ಬಿಳಿ ಬಟ್ಟೆ, ಎಲ್ಲವನ್ನೂ ಅವರೇ ನೋಡಿಕೊಂಡರು. ಬೆಳಿಗ್ಗೆ ಚಂದನವಾಡಿಗೆ ಒಯ್ದ ನಾಲ್ಕು ಹೆಗಲುಗಳಲ್ಲಿ ಒಂದು ಅವರದು, ಒಂದು ನನ್ನದು. ಆ ಹುಡುಗ ಯಾರ ಮಗ, ಯಾವ ಜಾತಿ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ.

ಎರಡು ವರ್ಷಗಳ ಬಳಿಕ ನಮ್ಮದೇ ಕೋಣೆಯ ಇನ್ನೊಬ್ಬ ಗೆಳೆಯ ಬೇರೆ ಜಾತಿಯ ಮರಾಠಿ ಹುಡುಗಿಯನ್ನು ಮದುವೆಯಾದ. ಅದೇ ಹಿರಿಯರು ಸಭೆ ಕರೆದು ಅವನ ಹೆಸರನ್ನು ಸದಸ್ಯರ ಪಟ್ಟಿಯಿಂದ ಹೊಡೆದುಹಾಕಿಸಿದರು. ಯಾರಿಗಾದರೂ ಆಕ್ಷೇಪ ಇದೆಯೇ ಎಂದು ಕೇಳಿದರು. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಕೈ ಎತ್ತಲಿಲ್ಲ.

ಮಗಳ ಪ್ರಶ್ನೆಗೆ ನಾಲ್ಕನೆಯ ಹೆಸರು ನನಗೆ ಆ ರಾತ್ರಿ ಸಿಕ್ಕಿರಲಿಲ್ಲ ಎಂದೆನಲ್ಲ. ಕೆಲವು ದಿನಗಳ ಮೇಲೆ ಲೋಕಲ್ ಗಾಡಿಯಲ್ಲಿ ನಿಂತಿದ್ದಾಗ ಈ ಸಭೆ ನೆನಪಾಗಿ, ಆ ಹೆಸರೂ ಸಿಕ್ಕಿತು.

ಪುರುವನ್ನು ಕೊಟ್ಟರೆ ಚಿತ್ರಲೇಖೆ ಸಿಕ್ಕಳು

ಹೀಗಿದ್ದರೂ ನಾನು ತಕ್ಷಣ ಸೋಲೊಪ್ಪಲಿಲ್ಲ. ಸಾಹಿತ್ಯದ ಮೂಲಕವೇ ಅವಳನ್ನು ದಾರಿಗೆ ತರೋಣವೆಂದು ಉಪಾಯ ಹೂಡಿದೆ. ಗಿರೀಶ ಕಾರ್ನಾಡರ 'ಯಯಾತಿ' ನಾಟಕ ಕೊಟ್ಟೆ. ಅವಳಿಗೆ ಕನ್ನಡದ್ದು ಕಷ್ಟವಾದೀತೆಂದು ಕಾರ್ನಾಡರೇ ಮಾಡಿದ ಇಂಗ್ಲಿಷ್ ಅನುವಾದವನ್ನು ತರಿಸಿಕೊಟ್ಟೆ. ಮಹಾಭಾರತದ ಕಥೆ ನಿಮಗೆ ಗೊತ್ತು. ಶುಕ್ರಾಚಾರ್ಯನ ಶಾಪದಿಂದ ಯಯಾತಿಗೆ ಅಕಾಲ ಮುಪ್ಪು ಬರುತ್ತದೆ. ಯಾರಾದರೂ ಅದನ್ನು ಹೊತ್ತುಕೊಂಡರೆ ಯೌವನ ಮರಳುತ್ತದೆ. ಹಿರಿಯ ಮಕ್ಕಳೆಲ್ಲ ಒಲ್ಲೆನೆಂದಾಗ ಕಿರಿಯ ಪುರು ತಂದೆಯ ಮುಪ್ಪನ್ನು ತಾನು ತೆಗೆದುಕೊಳ್ಳುತ್ತಾನೆ. ಪಿತೃಭಕ್ತಿಗೆ ಇದಕ್ಕಿಂತ ಉದಾಹರಣೆ ಬೇಕೆ?

ಮೂರು ದಿನದಲ್ಲಿ ಓದಿ ಮುಗಿಸಿ ಬಂದಳು. "ಪಪ್ಪಾ, ಅವನ ಹೆಂಡತಿಯನ್ನು ಯಾರೂ ಕೇಳಲೇ ಇಲ್ಲವಲ್ಲ?" ಎಂದಳು.

ಚಿತ್ರಲೇಖೆ ಮಹಾಭಾರತದವಳಲ್ಲ, ಕಾರ್ನಾಡರು ಸೃಷ್ಟಿಸಿದವಳು. ಹೊಸದಾಗಿ ಮನೆ ತುಂಬಿದ ಸೊಸೆ. ಗಂಡ ತ್ಯಾಗಿಯಾಗಿ ಮುದುಕನಾಗಿ ಕುಳಿತಿದ್ದಾನೆ, ಮಾವ ತರುಣನಾಗಿ ನಿಂತಿದ್ದಾನೆ. ಎಲ್ಲರೂ ಅವಳಿಗೆ ಕರ್ತವ್ಯ ಬೋಧಿಸುತ್ತಾರೆ. ಈ ಮದುವೆಯಲ್ಲಿ ತಾನು ಬಯಸಿ ಬಂದದ್ದು ಏನನ್ನು ಎಂದು ಅವಳು ನೇರವಾಗಿ ಮಾವನನ್ನೇ ಕೇಳುತ್ತಾಳೆ. ಅವನಲ್ಲಿ ಉತ್ತರವಿಲ್ಲ. ಅವಳು ವಿಷ ಕುಡಿಯುತ್ತಾಳೆ. ಪುರುವಿನ ತ್ಯಾಗ ಎಷ್ಟೇ ದೊಡ್ಡದಿರಲಿ, ಅದರ ಬೆಲೆ ತೆತ್ತವಳು ಇನ್ನೊಬ್ಬಳು. ನಾನು ನಲವತ್ತು ವರ್ಷಗಳಲ್ಲಿ ಈ ನಾಟಕವನ್ನು ಎರಡು ಸಲ ಓದಿದ್ದೇನೆ, ಒಮ್ಮೆ ನೋಡಿದ್ದೇನೆ. ಪ್ರತಿ ಸಲವೂ ಪುರುವನ್ನೇ ನೋಡುತ್ತ ಕುಳಿತಿದ್ದೆ.

ಈ ನಾಟಕ ಹುಟ್ಟಿದ ಸಂದರ್ಭವೂ ನಿಮಗೆ ತೀರ ಹತ್ತಿರದ್ದು. 1960ರಲ್ಲಿ ಕಾರ್ನಾಡರಿಗೆ ಇಪ್ಪತ್ತೆರಡು ವರ್ಷ. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಟಿದ್ದರು. ಹುಡುಗ ಮರಳಿ ಬರುತ್ತಾನೋ ಇಲ್ಲವೋ, ಅಲ್ಲೇ ಯಾರನ್ನಾದರೂ ಮದುವೆಯಾಗಿಬಿಟ್ಟರೆ ಏನು ಗತಿ ಎಂದು ಮನೆಯವರಿಗೆ ಆತಂಕ. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ಹುಡುಗ ಆ ಉದ್ವೇಗದಲ್ಲಿ, ತನಗೇ ಆಶ್ಚರ್ಯವಾಗುವಂತೆ, ಕನ್ನಡದಲ್ಲಿ ನಾಟಕ ಬರೆದ. ಹಿರಿಯರು ತನ್ನಿಂದ ತ್ಯಾಗ ಕೇಳುತ್ತಿದ್ದಾರೆ ಎಂಬ ಸಿಟ್ಟೇ ಆ ಪುರಾಣಕಥೆಯ ವೇಷದಲ್ಲಿ ಬಂತೆಂದು ಮುಂದೆ ಅವರೇ ಬರೆದರು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಆ ಮನೆಯೂ ಅಷ್ಟು ಸಂಪ್ರದಾಯದ ಮನೆಯಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ಕಾರ್ನಾಡರ ತಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ನರ್ಸ್ ಕೆಲಸ ಕಲಿತು, ಲೋಕದ ಮಾತನ್ನು ಲೆಕ್ಕಿಸದೆ ಡಾಕ್ಟರೊಬ್ಬರನ್ನು ಮರುಮದುವೆಯಾದವರು. ತಾವು ಗೆದ್ದ ಸ್ವಾತಂತ್ರ್ಯವನ್ನು ಮಕ್ಕಳಿಗೆ ಕೊಡುವಾಗ ತಂದೆತಾಯಂದಿರ ಕೈ ಯಾಕೆ ಹಿಂಜರಿಯುತ್ತದೆಯೋ, ನನಗಂತೂ ಗೊತ್ತಿಲ್ಲ. ನನ್ನ ಕೈಯೂ ಹಿಂಜರಿಯಿತು.

ಬೋಳು ತಲೆಯ ಬಂಡಾಯಗಾರ್ತಿ

ಇದೆಲ್ಲ ಇಂಗ್ಲಿಷ್ ಓದಿದ ನವ್ಯರು ತಂದ ಗಾಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಅದರ ನಾಯಕಿ ಬಾಲವಿಧವೆ. ಮನೆಯವರ ಡಾಂಭಿಕ ಭಕ್ತಿಗೆ ಬೇಸತ್ತು ಮನೆ ಬಿಟ್ಟು ಓಡುತ್ತಾಳೆ, ವಿದ್ಯೆ ಕಲಿಯುತ್ತಾಳೆ, ತಾನು ಮೆಚ್ಚಿದವನನ್ನು ಮದುವೆಯಾಗುತ್ತಾಳೆ. ಬರೆದವರು ಪೊಲೀಸ್ ಇಲಾಖೆಯ ಅಧಿಕಾರಿ! ಇನ್ನು ಹನ್ನೆರಡನೆಯ ಶತಮಾನಕ್ಕೆ ಹೋದರೆ, ಅರಮನೆಯನ್ನೇ ಒದ್ದು ಹೊರಟ ಅಕ್ಕಮಹಾದೇವಿ ಇದ್ದಾಳೆ. ವಚನಕಾರರು ಒಬ್ಬೊಬ್ಬರೂ ತಮ್ಮದೇ ಅಂಕಿತ ಇಟ್ಟುಕೊಂಡರು, ಆದರೆ ಒಬ್ಬಂಟಿಯಾಗಿ ಬದುಕಲಿಲ್ಲ. ಹಳೆಯ ಕೂಟವನ್ನು ಬಿಟ್ಟವರು ಹೊಸದೊಂದು ಕೂಟವನ್ನು ಕಟ್ಟಿಕೊಂಡರು. ಅವರ ವಚನಗಳನ್ನು ನಾವೀಗ ಸ್ಪರ್ಧೆಗಳಲ್ಲಿ ಬಾಯಿಪಾಠ ಒಪ್ಪಿಸಿ ಸ್ಟೀಲ್ ಲೋಟ ಗೆಲ್ಲುತ್ತೇವೆ, ಅದು ಬೇರೆ ಮಾತು.

ಆದರೆ ನನಗೆ ಇವರೆಲ್ಲರಿಗಿಂತ ಮನಸ್ಸಿನಲ್ಲಿ ಉಳಿದವಳು ಫಣಿಯಮ್ಮ. ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ಕಾದಂಬರಿಯ ಈ ನಾಯಕಿ ಕಲ್ಪನೆಯವಳಲ್ಲ. ಮಲೆನಾಡಿನಲ್ಲಿ ಬದುಕಿ, ನೂರನ್ನೂ ದಾಟಿ, 1952ರಲ್ಲಿ ತೀರಿಕೊಂಡ ಹೆಂಗಸು. ತನ್ನ ಕಥೆಯನ್ನು ಅವಳು ಹೇಳಿದ್ದು ಇಂದಿರಾ ಅವರ ತಾಯಿಗೆ. ಎಳೆಯ ವಯಸ್ಸಿನಲ್ಲೇ ಮದುವೆ. ಮದುವೆಯೆಂದರೇನೆಂದು ತಿಳಿಯುವ ಮೊದಲೇ ಗಂಡ ಹಾವು ಕಚ್ಚಿ ಸತ್ತ. ಮೈನೆರೆದ ಮೇಲೆ ತಲೆ ಬೋಳಿಸಿದರು. ಅಲ್ಲಿಂದ ಮುಂದೆ ಕೆಂಪು ಸೀರೆ, ಒಂದು ಹೊತ್ತಿನ ಊಟ, ಕತ್ತೆಯ ದುಡಿತ. ಅವಳು ಯಾವ ಕಟ್ಟಳೆಯನ್ನೂ ಮುರಿಯಲಿಲ್ಲ. ಹೊರಗಿನಿಂದ ನೋಡಿದವರಿಗೆ ಅವಳಷ್ಟು ಮಡಿವಂತೆ ಆ ಸೀಮೆಯಲ್ಲೇ ಇಲ್ಲ.

ಇಷ್ಟೇ ಆಗಿದ್ದರೆ ಅದೊಂದು ಅಳುವ ಕಥೆಯಾಗುತ್ತಿತ್ತು. ಆದರೆ ಮಡಿಯ ಆ ಮುದುಕಿ, ಹೆರಿಗೆಯಾಗದೆ ಒದ್ದಾಡುತ್ತಿದ್ದ ಅಸ್ಪೃಶ್ಯ ಹೆಣ್ಣೊಬ್ಬಳ ಗುಡಿಸಲಿಗೆ ರಾತ್ರಿಯಲ್ಲಿ ಹೋಗಿ ಮಗುವನ್ನು ಹೊರತೆಗೆಯಲು ನೆರವಾಗುತ್ತಾಳೆ. ಮುಂದೊಂದು ದಿನ ದಾಕ್ಷಾಯಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಲು ಬಿಡುವುದಿಲ್ಲವೆಂದು ಹಟ ಹಿಡಿದಾಗ ಊರ ಹಿರಿಯರೆಲ್ಲ ಕೆರಳುತ್ತಾರೆ. ಎಲ್ಲರೂ ಫಣಿಯಮ್ಮನನ್ನು ಮಾದರಿಯಾಗಿ ತೋರಿಸುವ ಹೊತ್ತಿಗೆ, ಆ ಮಾದರಿಯೇ ಹುಡುಗಿಯ ಪರ ನಿಲ್ಲುತ್ತದೆ. ತಾನು ಅನುಭವಿಸಿದ್ದು ಇವಳಿಗೇಕೆ ಎಂಬುದಷ್ಟೇ ಅವಳ ವಾದ. ಸಾಮಾನ್ಯವಾಗಿ ನಾವು ಹಿರಿಯರು ಹೇಳುವುದು ಇದರ ತದ್ವಿರುದ್ಧ: ನಾವು ಅನುಭವಿಸಲಿಲ್ಲವೇ, ನೀವೂ ಅನುಭವಿಸಿ! ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಸಿನೆಮಾ ಮಾಡಿದ್ದಾರೆ. ಓದಲಾರದವರು ಅದನ್ನಾದರೂ ನೋಡಬಹುದು.

'ನಾನು ನಾನಾಗಿರಬೇಕು' ಎನ್ನುವ ಮಾತಿಗೇ ಅವಕಾಶವಿಲ್ಲದವರೂ ಇದ್ದರು. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮನ ಬಯಕೆ ದೊಡ್ಡದೇನಲ್ಲ, ತನ್ನದೆಂದು ಒಂದು ತುಂಡು ಹೊಲ ಉಳಬೇಕು. ಅಸ್ಪೃಶ್ಯನಾದವನು ಬೇಸಾಯ ಮಾಡುವ ಪದ್ಧತಿ ಇಲ್ಲ. ಒಡೆಯನ ಮನಸ್ಸು ಅರೆಬರೆ ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಕ್ರೈಸ್ತನಾದರೆ ಭೂಮಿ ಸಿಗುತ್ತದೆ. ಹೊರಟೂ ಬಿಡುತ್ತಾನೆ, ಆದರೆ ತನ್ನ ಪಂಜುರ್ಲಿ ದೈವವನ್ನು ಬಿಡಲಾರದೆ ಅರ್ಧ ದಾರಿಯಿಂದ ಹಿಂದಿರುಗುತ್ತಾನೆ. ಅವನನ್ನು ತುಳಿದ ಊರಿನ ದೈವವೇ ಅವನ ಎದೆಯೊಳಗೂ ಕುಳಿತಿತ್ತು. ಮುಂದೆ 1970ರ ದಶಕದಲ್ಲಿ ದಲಿತ ಮತ್ತು ಬಂಡಾಯದ ಲೇಖಕರು ನವ್ಯರನ್ನು ಕೇಳಿದ್ದು ಸರಿಯಾದ ಪ್ರಶ್ನೆ. ನಿಮ್ಮ ಅನಾಥಪ್ರಜ್ಞೆ ನಿಮಗಿರಲಿ, ಒಂದು ಕೇರಿಯನ್ನೇ ಮನುಷ್ಯರೆಂದು ಎಣಿಸದ ಊರಿನಲ್ಲಿ ಒಬ್ಬನ ಬಿಡುಗಡೆ ಎಂದರೇನು? ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ರಾತ್ರಿಯನ್ನು ಓದಿದರೆ, ಒಟ್ಟಿಗಿರುವುದೆಲ್ಲ ಉಸಿರುಕಟ್ಟಿಸುವುದಲ್ಲ ಎಂಬುದೂ ತಿಳಿಯುತ್ತದೆ.

ನಮ್ಮದೇ ಶಹರದ ಬೇಟೆ

ಊರು ಬಿಟ್ಟು ಬಂದೆವಲ್ಲ, ಇನ್ನೆಲ್ಲಿಯ ನಾಲ್ಕು ಜನ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಅಂಥವರು ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಓದಲೇಬೇಕು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ಬಾಳಿನ ಬಹುಭಾಗವನ್ನು ಕಳೆದದ್ದು ಮುಂಬಯಿಯಲ್ಲಿ, 2014ರಲ್ಲಿ ಕಣ್ಣುಮುಚ್ಚಿದ್ದೂ ಇಲ್ಲಿಯೇ. ಪಾಲಿಮರ್ ತಂತ್ರಜ್ಞಾನ ಓದಿ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಕಂಪೆನಿಯ ಒಳಗನ್ನು ಅವರಷ್ಟು ಬಲ್ಲ ಕಾದಂಬರಿಕಾರರು ಕನ್ನಡದಲ್ಲಿ ಇನ್ನೊಬ್ಬರಿಲ್ಲವೆಂದೇ ನನ್ನ ಅಭಿಪ್ರಾಯ.

1979ರಲ್ಲಿ ಬಂದ 'ಶಿಕಾರಿ'ಯ ನಾಯಕ ನಾಗಪ್ಪ. ಊರಿಲ್ಲ, ಮನೆಯಿಲ್ಲ, ಹೆಂಡತಿಯಿಲ್ಲ. ಮುಂಬಯಿಯ ಕಂಪೆನಿಯೊಂದರಲ್ಲಿ ಸ್ವಂತ ಬುದ್ಧಿಯಿಂದ ಮೇಲೆ ಬಂದ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಸಸ್ಪೆಂಡ್ ಮಾಡುತ್ತಾರೆ. ಏಕೆಂದು ಯಾರೂ ಸರಿಯಾಗಿ ಹೇಳುವುದಿಲ್ಲ. ತಪ್ಪು ಏನೆಂದು ತಿಳಿಯದವನು ತನ್ನ ತಪ್ಪನ್ನು ತಾನೇ ಹುಡುಕತೊಡಗುತ್ತಾನೆ, ಹುಡುಕುತ್ತ ಹುಡುಕುತ್ತ ಬಾಲ್ಯದವರೆಗೂ ಹೋಗುತ್ತಾನೆ. ನಿನ್ನೆಯವರೆಗೆ ಒಟ್ಟಿಗೆ ಚಹಾ ಕುಡಿದವರು ಮುಖ ತಿರುಗಿಸುತ್ತಾರೆ. ಅವನು ಹಿಂದೆ ಬಿಟ್ಟುಬಂದೆನೆಂದುಕೊಂಡ ಊರಿನ ನಂಟು ಕೂಡ ಬೇರೊಂದು ರೂಪದಲ್ಲಿ ಬೆನ್ನಟ್ಟುತ್ತದೆ. ಅಗ್ರಹಾರದವರಿಗೆ ಕೊನೆಯ ಪಕ್ಷ ಶಾಸ್ತ್ರವೆಂಬುದೊಂದಿತ್ತು, ಮಾರುತಿ ಗುಡಿಯಿತ್ತು. ನಾಗಪ್ಪನನ್ನು ಸುತ್ತುವರಿದವರಿಗೆ ಅದೂ ಇಲ್ಲ.

ಆಫೀಸಿನಲ್ಲಿ ಎಲ್ಲರೂ ನಗುವಾಗ ನಗಬೇಕು, ಎಲ್ಲರೂ ಮೆಚ್ಚಿದ್ದನ್ನು ಮೆಚ್ಚಬೇಕು, ವರ್ಷಕ್ಕೊಮ್ಮೆ ನಿಮ್ಮ ನಡತೆಗೆ ಅಂಕ ಹಾಕಿಸಿಕೊಳ್ಳಬೇಕು. ಇದನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ಮೊಬೈಲಿನಲ್ಲಿ ಕುಟುಂಬದ ಗುಂಪು, ಸೊಸೈಟಿಯ ಗುಂಪು, ಕಾಲೇಜಿನ ಗುಂಪು ಎಂದು ಬೆಳಗಿನಿಂದ ಸಂಜೆಯವರೆಗೆ ಹೆಬ್ಬೆರಳು ಎತ್ತಿ ತೋರಿಸುತ್ತಿರುತ್ತೀರಿ. ಊರಿನವರು ನಾಲ್ಕೇ ಜನ ಇದ್ದರು.

ಇದೇ ಮುಂಬಯಿಯ ಇನ್ನೊಂದು ಮುಖ ಬೇಕಾದವರು ಜಯಂತ ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆ ಓದಿ. ಹಿಂದೆಮುಂದೆ ಯಾರೂ ಇಲ್ಲದ ಇಬ್ಬರು ತಮ್ಮ ಮದುವೆಯ ಕರೆಯೋಲೆ ಬರೆಯಲು ಹೊರಟು, ಹುಡುಗನ ಹೆಸರಿನ ಮುಂದೆ ಯಾವ ಅಡ್ಡಹೆಸರು ಹಾಕುವುದೆಂದು ತಲೆಕೆಡಿಸಿಕೊಳ್ಳುತ್ತಾರೆ. ನಾಲ್ಕು ಜನ ಇಲ್ಲದಿರುವುದೂ ಎಂಥ ಸಂಕಟ ಎಂಬುದಕ್ಕೆ ಇಷ್ಟು ಮೃದುವಾದ ಕಥೆಯನ್ನು ನಾನು ಬೇರೆ ಓದಿಲ್ಲ. ಆ ಹೆಸರಿನ ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ 2018ರ ಡಿ.ಎಸ್.ಸಿ. ಪ್ರಶಸ್ತಿ ಬಂದಿದೆ; ಅನುವಾದಿಸಿದವರು 'ಫಣಿಯಮ್ಮ'ನನ್ನು ಇಂಗ್ಲಿಷಿಗೆ ತಂದ ತೇಜಸ್ವಿನಿ ನಿರಂಜನ ಅವರೇ.

ಇನ್ನು ನಮ್ಮ ಮನೆಯ ಸಮಾಚಾರ. ಮಗಳು ಈ ಜೂನ್ ತಿಂಗಳಲ್ಲಿ ಬರೋಡಾಕ್ಕೆ ಹೋದಳು. ನಾನು ಸಂತೋಷದಿಂದ ಕಳಿಸಿದೆ ಎಂದರೆ ಸುಳ್ಳಾಗುತ್ತದೆ. ಸ್ಟೇಷನ್ನಿನವರೆಗೆ ಪೆಟ್ಟಿಗೆ ಹೊತ್ತೆ, ಅಷ್ಟೇ. ನನ್ನಾಕೆಗೆ ಅವಳ ಕೈ ಒರಟಾಗುತ್ತದಲ್ಲ ಎಂಬ ಚಿಂತೆ. ಸಂಬಂಧ ತಂದ ಮಹನೀಯರು ಫೋನು ಮಾಡಿ, "ಹುಡುಗಿಯರನ್ನು ಇಷ್ಟು ಸಡಿಲ ಬಿಟ್ಟರೆ ಹೇಗೆ ಮಾರಾಯರೇ, ನಾಲ್ಕು ಜನ..." ಎಂದು ಶುರುಮಾಡಿದರು. "ಯಾರು, ಹೆಸರು ಹೇಳಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಳೆಯ ವಿಷಯ ತೆಗೆದರು.

ಸದಸ್ಯರ ಪಟ್ಟಿಯಿಂದ ಹೆಸರು ಹೊಡೆಸಿಕೊಂಡ ಆ ಗೆಳೆಯ ಡೊಂಬಿವಿಲಿಯಲ್ಲಿದ್ದಾನೆಂದು ಕೇಳಿ ನಂಬರು ಸಂಪಾದಿಸಿದ್ದೇನೆ. ಇನ್ನೂ ಮಾತನಾಡುವ ಧೈರ್ಯವಾಗಿಲ್ಲ.

ಪ್ರತಿ ಭಾನುವಾರ ರಾತ್ರಿ ಮಗಳು ಫೋನಿನಲ್ಲಿ 'ಸಂಸ್ಕಾರ' ಓದುತ್ತಾಳೆ, ಕನ್ನಡದಲ್ಲಿಯೇ. ಒಂದು ಸಲಕ್ಕೆ ಎರಡು ಪುಟ, ಹೆಚ್ಚೆಂದರೆ ಮೂರು. ಒತ್ತಕ್ಷರ ಬಂದಲ್ಲಿ ಎಡವುತ್ತಾಳೆ, ನಾನು ತಿದ್ದುತ್ತೇನೆ. 'ಮೈಲಿಗೆ' ಎಂಬ ಮಾತಿನ ಅರ್ಥ ವಿವರಿಸಲು ನನಗೆ ಒಂದು ಇಡೀ ಸಂಜೆ ಹಿಡಿಯಿತು. ಕಳೆದ ವಾರ ನಾರಣಪ್ಪನ ಹೆಣ ಇನ್ನೂ ಎತ್ತಿರಲಿಲ್ಲ, ಆಚಾರ್ಯರು ಮಾರುತಿ ಗುಡಿಗೆ ಹೊರಟಿದ್ದರು. ಅಲ್ಲಿ ಏನಾಗುತ್ತದೆ ಗೊತ್ತೇ ಎಂದು ನಾನು ಬಾಯಿ ತೆರೆದೆ.

"ಹೇಳಬೇಡಿ ಪಪ್ಪಾ, ನಾನೇ ಓದುತ್ತೇನೆ" ಎಂದಳು.